ಮಲಾವಿಯ ಹಳ್ಳಿಯಲ್ಲಿ ಒಂದು ವರ್ಷ: ಊಟ, ಸಂಜೆ ಮತ್ತು ಸಣ್ಣ ಸಂತೋಷಗಳು

ಪ್ರಶ್ನೆ: ನಾನು ಶಿರಸಿ ಕಡೆಯವಳು. ವಯಸ್ಸು 29. ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸುತ್ತೇನೆ. ಸ್ವಯಂಸೇವಾ ಸಂಸ್ಥೆಯೊಂದರ ಮೂಲಕ ಆಫ್ರಿಕಾದ ಮಲಾವಿ ದೇಶದ ಡೆಡ್ಜಾ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಒಂದು ವರ್ಷ ಪಾಠ ಮಾಡುವ ಅವಕಾಶ ಸಿಕ್ಕಿದೆ. ಸೆಪ್ಟೆಂಬರ್‌ನಲ್ಲಿ ಹೊರಡಬೇಕು. ಅಮ್ಮನಿಗೆ ಮಲೇರಿಯಾ, ಏಡ್ಸ್ ಎಂದರೆ ನಿದ್ದೆ ಬರುತ್ತಿಲ್ಲ. ನಾನು ಸಸ್ಯಾಹಾರಿ, ಅಲ್ಲಿ ಉಪವಾಸ ಬೀಳುತ್ತೇನೆ ಎಂದು ಬಂಧುಗಳು ಹೆದರಿಸುತ್ತಾರೆ. ಊರಿನಲ್ಲಿ ಕರೆಂಟ್ ಇಲ್ಲವಂತೆ. ಇವೆಲ್ಲಕ್ಕಿಂತ ನನ್ನನ್ನು ಕೊರೆಯುತ್ತಿರುವುದು ಬೇರೆ. ಶಾಲೆ ಬಿಟ್ಟ ಮೇಲೆ ಕತ್ತಲಾಗುವ ಆ ಹೊತ್ತಿನಲ್ಲಿ ಒಬ್ಬಳೇ ಏನು ಮಾಡಲಿ? ಕಾಫಿ, ಹಾಡು, ಹರಟೆ ಇಲ್ಲದೆ ಒಂದು ವರ್ಷ ಕಳೆಯಲು ಆಗುತ್ತದೆಯೇ? ಸುತ್ತ ಬಡತನ ಇರುವಾಗ ನನ್ನ ಸುಖದ ಬಗ್ಗೆ ಹೀಗೆ ಯೋಚಿಸುವುದೇ ತಪ್ಪಲ್ಲವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದ ಭಯಗಳಿಗೆಲ್ಲ ಔಷಧಿಯೋ ವ್ಯವಸ್ಥೆಯೋ ಇದೆ; ಇದಕ್ಕೆ ಮಾತ್ರ ಸರಿಯಾದ ತಿಳಿವಳಿಕೆ ಬೇಕು. ತಪ್ಪಲ್ಲ. ಹೊರದೇಶಗಳಿಗೆ ಸ್ವಯಂಸೇವಕರಾಗಿ ಹೊರಡುವವರಿಗೆ ಪೂರ್ವಸಿದ್ಧತೆ ಮಾಡಿಸುವುದು ಮತ್ತು ಅವರು ಅಲ್ಲಿರುವಷ್ಟು ಕಾಲ ಸಂಪರ್ಕದಲ್ಲಿದ್ದು ನೆರವಾಗುವುದು ನನ್ನ ವೃತ್ತಿ. ಮಲಾವಿಯ ಮಧ್ಯ ಪ್ರಾಂತ್ಯದಲ್ಲಿ ನಾನೂ ಇದ್ದು ಕೆಲಸ ಮಾಡಿದ್ದೇನೆ. ಅವಧಿಗೆ ಮುನ್ನವೇ ಹಿಂತಿರುಗಿದವರಲ್ಲಿ ಕಾಯಿಲೆಯಿಂದ ಬಂದವರಿಗಿಂತ, ದಿನನಿತ್ಯದ ಬದುಕಿನಲ್ಲಿ ರುಚಿ ಕಳೆದುಕೊಂಡು ಬಂದವರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಊಟ ಸೇರದವರು, ನಿದ್ದೆ ಬಾರದವರು, ಮಾತನಾಡಲು ಒಬ್ಬರೂ ಇಲ್ಲದವರು ಮೂರನೆಯ ಅಥವಾ ನಾಲ್ಕನೆಯ ತಿಂಗಳಿಗೆ ತರಗತಿಯಲ್ಲಿ ಮಕ್ಕಳ ಮೇಲೆ ಸಿಡುಕತೊಡಗುತ್ತಾರೆ. ದಿನದ ಸಣ್ಣ ಸಂತೋಷಗಳನ್ನು ಹೊಂದಿಸಿಕೊಳ್ಳುವುದು ನಿಮ್ಮ ಕೆಲಸದ ಸಿದ್ಧತೆಯ ಭಾಗವೇ ಆಗಿದೆ, ಪಾಠದ ಟಿಪ್ಪಣಿ ಬರೆದುಕೊಳ್ಳುವಷ್ಟೇ ಮುಖ್ಯವಾಗಿ.

ಈಗ ನಿಮ್ಮ ತಾಯಿಯವರ ಆತಂಕ. ಮಲೇರಿಯಾ ವಿಷಯದಲ್ಲಿ ಅವರ ಭಯ ಸಕಾರಣವಾದದ್ದು. ಮಲಾವಿಯ ಮಲೇರಿಯಾ ಬಹುತೇಕ ಫಾಲ್ಸಿಪಾರಮ್ ಜಾತಿಯದು. ತಡಮಾಡಿದರೆ ಮಿದುಳಿಗೆ ಏರುವಂಥದ್ದು. ‘ನಾವು ಭಾರತೀಯರು, ಸೊಳ್ಳೆ ಕಡಿತ ನಮಗೆ ಹೊಸದಲ್ಲ’ ಎಂಬ ಧೈರ್ಯವನ್ನು ನಂಬಬೇಡಿ. ಅಲ್ಲಿನ ವಯಸ್ಕರಲ್ಲಿರುವ ಅರೆ ರೋಗನಿರೋಧಕ ಶಕ್ತಿ ಬಾಲ್ಯದಿಂದ ಮತ್ತೆ ಮತ್ತೆ ಜ್ವರ ಅನುಭವಿಸಿ ಬಂದದ್ದು, ನಿಮಗೆ ಅದು ಇರುವುದಿಲ್ಲ. ಅಲ್ಲಿರುವಷ್ಟು ದಿನವೂ ತಡೆಮಾತ್ರೆ ಬೇಕು. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ ಮತ್ತು ಒಂದು ಲೋಟ ನೀರಿನೊಂದಿಗೆ ನುಂಗಿ ಕೆಲಹೊತ್ತು ಮಲಗದೆ ಇರಬೇಕು; ಹಿಂದಿರುಗಿದ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಅಟೊವಾಕೋನ್–ಪ್ರೊಗ್ವಾನಿಲ್ ಹೆಚ್ಚಿನವರಿಗೆ ಸುಲಭವಾಗಿ ಒಗ್ಗುತ್ತದೆ, ಬೆಲೆ ಮಾತ್ರ ದುಬಾರಿ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಫ್ಲೋಕ್ವಿನ್ ಖಿನ್ನತೆ ಅಥವಾ ಮೂರ್ಛೆರೋಗದ ಹಿನ್ನೆಲೆ ಇರುವವರಿಗೆ ಸಲ್ಲದು. ಯಾವುದು ನಿಮಗೆ ಹೊಂದುತ್ತದೆ ಎಂಬುದನ್ನು ವೈದ್ಯರು ನಿಮ್ಮ ಆರೋಗ್ಯ ನೋಡಿ ನಿರ್ಧರಿಸಲಿ. ಮಾತ್ರೆ ನುಂಗುತ್ತಿದ್ದರೂ ಸೊಳ್ಳೆಪರದೆ ಬೇಕು. ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಆಗಬೇಕು. ಊರಿಗೆ ಮರಳಿದ ತಿಂಗಳುಗಳ ನಂತರ ಜ್ವರ ಬಂದರೂ ಆಫ್ರಿಕಾದಲ್ಲಿದ್ದುದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಏಡ್ಸ್ ಬಗ್ಗೆ ತಾಯಿಯವರಿಗೆ ಧೈರ್ಯ ಹೇಳಿ. ಜೊತೆಯಲ್ಲಿ ಉಂಡರೆ, ಕೈ ಹಿಡಿದರೆ, ಒಂದೇ ಮನೆಯಲ್ಲಿ ಮಲಗಿದರೆ ಎಚ್‌ಐವಿ ಹರಡುವುದಿಲ್ಲ. ಅವರು ಚಿಂತಿಸದೇ ಇರುವ ಒಂದು ಅಪಾಯವನ್ನು ನಾನು ಹೇಳಬೇಕು: ರಸ್ತೆ. ಸರಕಿನ ಮೇಲೆ ಜನರನ್ನು ಕೂರಿಸಿಕೊಂಡು ಹೋಗುವ ಮಟೋಲಾ ಎಂಬ ತೆರೆದ ಪಿಕಪ್ ವಾಹನಗಳಲ್ಲಿ ಹತ್ತಬೇಡಿ, ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಪ್ರಯಾಣ ಮಾಡಬೇಡಿ. ಹಳದಿ ಜ್ವರ ಮಲಾವಿಯಲ್ಲಿ ಇಲ್ಲದಿದ್ದರೂ ವಿಮಾನ ಸಾಮಾನ್ಯವಾಗಿ ಆಡಿಸ್ ಅಬಾಬ ಅಥವಾ ನೈರೋಬಿಯ ಮೂಲಕ ಹೋಗುವುದರಿಂದ, ಮರಳುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಲಸಿಕೆಯ ಪ್ರಮಾಣಪತ್ರ ಕೇಳಬಹುದು. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಅದನ್ನು ಹಾಕಿಸಿಕೊಳ್ಳಿ. ಹುಚ್ಚುನಾಯಿ ರೋಗದ ಮುನ್ನೆಚ್ಚರಿಕೆ ಲಸಿಕೆಯನ್ನೂ ಕೇಳಿ ನೋಡಿ. ನೀರಿನ ವಿಷಯ ಹಗುರವಲ್ಲ: 2022–23ರ ಕಾಲರಾ ಹಾವಳಿಯಲ್ಲಿ ಮಲಾವಿಯಲ್ಲಿ 1,700ಕ್ಕೂ ಹೆಚ್ಚು ಜನ ಸತ್ತರು. ಬೋರ್‌ವೆಲ್ ನೀರಾದರೂ ಕುದಿಸಿ ಅಥವಾ ಕ್ಲೋರಿನ್ ಹಾಕಿ ಕುಡಿಯಿರಿ.

ಊಟದ ವಿಚಾರದಲ್ಲಿ ಬಂಧುಗಳ ಮಾತು ಪೂರ್ತಿ ತಪ್ಪು. ಮಲಾವಿಯ ಹಳ್ಳಿಮನೆಗಳಲ್ಲಿ ಮಾಂಸ ದಿನನಿತ್ಯದ ಆಹಾರವಲ್ಲ. ಅದು ಹಬ್ಬಕ್ಕೆ, ಮದುವೆಗೆ, ಅತಿಥಿಗೆ. ಪ್ರತಿದಿನದ ಊಟವೆಂದರೆ ನ್ಸಿಮಾ, ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಮತ್ತು ಅದಕ್ಕೆ ನೆಂಚಿಕೊಳ್ಳುವ ನ್ದಿವೊ. ಬಿಸಿನೀರಿಗೆ ಸ್ವಲ್ಪ ಹಿಟ್ಟು ಕದಡಿ ಗಂಜಿಯಂತೆ ಕುದಿಸಿ, ಅದು ಗುಳುಗುಳು ಎನ್ನುವಾಗ ಉಳಿದ ಹಿಟ್ಟನ್ನು ಹಿಡಿಹಿಡಿಯಾಗಿ ಸೇರಿಸಿ ಮರದ ಸೌಟಿನಿಂದ ತಿರುವುತ್ತಾರೆ. ಗಟ್ಟಿಯಾಗುತ್ತ ಬಂದಂತೆ ಎರಡೂ ಕೈ ಹಾಕಿ ತಿರುವಬೇಕಾಗುತ್ತದೆ. ಹೊಸಬರ ತೋಳು ಅಲ್ಲೇ ಸೋಲುವುದು. ಆಮೇಲೆ ಚಮಚವನ್ನು ನೀರಿನಲ್ಲಿ ಅದ್ದಿ, ಒಂದೊಂದೇ ನುಣುಪಾದ ತುಣುಕನ್ನು ಬಗೆದು ತಟ್ಟೆಯಲ್ಲಿ ಒಂದರ ಮೇಲೊಂದು ಜೋಡಿಸುತ್ತಾರೆ. ಊಟಕ್ಕೆ ಮುನ್ನ ಮನೆಯವರೊಬ್ಬರು ತಂಬಿಗೆ ಹಿಡಿದು ಪ್ರತಿಯೊಬ್ಬರ ಕೈಗೂ ನೀರು ಹಾಕುತ್ತಾರೆ. ಬಲಗೈಯಿಂದ ಚಿಕ್ಕ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿ ಅದರಲ್ಲಿ ಪಲ್ಯ ಎತ್ತಿಕೊಂಡು ತಿನ್ನುವುದು ನಿಮ್ಮ ಕೈಗೆ ಒಂದು ವಾರದಲ್ಲಿ ಒಲಿಯುತ್ತದೆ. ಕೈಯಲ್ಲಿ ಉಣ್ಣುವವರಾದ ನಮಗೆ ಯುರೋಪಿನಿಂದ ಬಂದವರಿಗಿಂತ ಇಲ್ಲಿ ಅನುಕೂಲ ಹೆಚ್ಚು.

ಕುಂಬಳದ ಎಳೆ ಎಲೆಯನ್ನು ಟೊಮೆಟೊ ಮತ್ತು ಶೇಂಗಾ ಪುಡಿಯೊಂದಿಗೆ ಬೇಯಿಸಿದ ಪಲ್ಯವನ್ನು ನೀವು ಊರಿಗೆ ಬಂದ ಮೇಲೂ ಮಾಡಿಕೊಳ್ಳುತ್ತೀರಿ ಎಂದು ಧೈರ್ಯವಾಗಿ ಹೇಳಬಲ್ಲೆ. ಹರಿವೆಯಂಥ ಸೊಪ್ಪು, ಸಾಸಿವೆ ಸೊಪ್ಪು, ಅಲಸಂದೆ, ಹುರುಳಿಕಾಯಿಯ ಒಣಬೀಜ ಎಲ್ಲವೂ ಸಂತೆಯಲ್ಲಿ ಸಿಗುತ್ತವೆ. ಡೆಡ್ಜಾ ಎತ್ತರದ ಪ್ರದೇಶವಾದ್ದರಿಂದ ಆಲೂಗಡ್ಡೆ ಧಾರಾಳ. ನಂದೋಲೊ ಎಂದು ಅವರು ಕರೆಯುವ ಕಾಳನ್ನು ಕೈಗೆತ್ತಿಕೊಂಡರೆ ಅದು ನಮ್ಮ ತೊಗರಿಯೇ. ವರ್ಷಕ್ಕೆ 50,000 ಟನ್ ತೊಗರಿ ತರಿಸಿಕೊಳ್ಳಲು ಭಾರತ 2021ರಲ್ಲಿ ಮಲಾವಿಯೊಂದಿಗೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡಿತು, ಹಾಗಾಗಿ ಆ ರೈತರು ಬೆಳೆದದ್ದನ್ನು ನೀವು ಈಗಾಗಲೇ ಸಾರಿನಲ್ಲಿ ಉಂಡಿರಲೂಬಹುದು. ಅಲ್ಲಿ ಅದನ್ನು ಬೇಳೆ ಮಾಡದೆ ಇಡಿಯಾಗಿಯೇ ಬೇಯಿಸುತ್ತಾರೆ. ಸಣ್ಣದೊಂದು ಕುಕ್ಕರ್ ಒಯ್ದರೆ ಇದ್ದಿಲು ಉಳಿಯುತ್ತದೆ. ಬೇಳೆ, ಮಸಾಲೆ ಬೇಕೆನಿಸಿದಾಗ ರಾಜಧಾನಿ ಲಿಲೊಂಗ್ವೆಯಲ್ಲಿ ಭಾರತೀಯ ಮೂಲದವರ ಅಂಗಡಿಗಳಿವೆ. ಕಾಫಿಗೆ ಫಿಲ್ಟರನ್ನು ಮಾತ್ರ ಇಲ್ಲಿಂದ ಒಯ್ಯಿರಿ, ಪುಡಿ ಬೇಡ: ಮಲಾವಿಯ ಉತ್ತರದ ಬೆಟ್ಟಗಳಲ್ಲಿ ಬೆಳೆದ ಮ್ಝುಝು ಕಾಫಿ ಪಟ್ಟಣದ ಅಂಗಡಿಗಳಲ್ಲಿ ದೊರೆಯುತ್ತದೆ, ಚಿಕೋರಿ ಇಲ್ಲದ ಶುದ್ಧ ಕಾಫಿ. ಹಾಲಿಗೆ ಹೆಚ್ಚಾಗಿ ಪುಡಿಯನ್ನೇ ಅವಲಂಬಿಸಬೇಕಾದೀತು.

ತೊಡಕು ಇರುವುದು ಎರಡು ಕಡೆ. ಮಲಾವಿ ಸರೋವರದ ಚಿಕ್ಕ ಒಣಮೀನು, ಅವರ ಮಾತಿನಲ್ಲಿ ಉಸಿಪಾ, ಸೊಪ್ಪಿನ ಪಲ್ಯದೊಳಗೂ ಸೇರಿರಬಹುದು, ಕೇಳಿಯೇ ತಿನ್ನಿ. ಎರಡನೆಯದು ಸೂಕ್ಷ್ಮ. ಹೊಸ ಶಿಕ್ಷಕಿ ಮನೆಗೆ ಬಂದಳೆಂದು ಇದ್ದ ಒಂದೇ ಕೋಳಿಯನ್ನು ಕೊಯ್ದು ಬಡಿಸಿದಾಗ ಬೇಡ ಎನ್ನುವುದು ಮನೆಯವರಿಗೆ ನೋವು ಕೊಡುತ್ತದೆ. ಆ ಸಂದರ್ಭ ಬರುವುದಕ್ಕೆ ಮೊದಲೇ, ಮೊದಲ ವಾರದಲ್ಲೇ, ಮುಖ್ಯೋಪಾಧ್ಯಾಯರ ಮೂಲಕ ಮತ್ತು ನೆರೆಯ ಹೆಂಗಸರ ಮೂಲಕ ಸುದ್ದಿ ಹರಡಲಿ: ನಮ್ಮ ಮನೆತನದಲ್ಲಿ ಮಾಂಸ, ಮೀನು ತಿನ್ನುವ ಪದ್ಧತಿ ಇಲ್ಲ, ಸೊಪ್ಪು ಕಾಳು ಎಂದರೆ ಬಹಳ ಇಷ್ಟ. ಕುಲದ ಆಚಾರ ಎಂದರೆ ಅಲ್ಲಿನವರು ತಕ್ಷಣ ಅರ್ಥಮಾಡಿಕೊಳ್ಳುತ್ತಾರೆ. ಆರೋಗ್ಯದ ನೆಪ ಹೇಳಿದರೆ ನಿಮ್ಮನ್ನು ರೋಗಿಯೆಂದು ಭಾವಿಸಿ ಕಳವಳಪಡುತ್ತಾರೆ. ಮೊಟ್ಟೆ, ಹಾಲು ಎರಡೂ ಕಡಿಮೆಯಾಗುವುದರಿಂದ ವಿಟಮಿನ್ ಬಿ12 ಮಾತ್ರೆ ಒಯ್ಯಿರಿ.

ಇನ್ನು ಸಂಜೆ. ಶಿರಸಿ ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಷ್ಟು ದೂರವೋ ಡೆಡ್ಜಾ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಹಾಗಾಗಿ ಹಗಲಿನ ಅಳತೆ ನಿಮಗೆ ಅಪರಿಚಿತವಲ್ಲ, ಆದರೆ ಋತು ತಲೆಕೆಳಗು: ಮಳೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಚಳಿ ಜೂನ್–ಜುಲೈನಲ್ಲಿ. ವರ್ಷವಿಡೀ ಸಂಜೆ ಸುಮಾರು ಐದೂವರೆಯಿಂದ ಆರೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಕತ್ತಲಾದ ಮೇಲೆ ಮನೆಯಿಂದ ದೂರ ಒಬ್ಬರೇ ನಡೆಯಬಾರದು, ಇದು ಊರಿನ ಹೆಂಗಸರೂ ಪಾಲಿಸುವ ನಿಯಮ. ಆದ್ದರಿಂದ ಸಂಜೆಯ ಸಂತೋಷಗಳನ್ನೆಲ್ಲ ಶಾಲೆ ಬಿಟ್ಟಾಗಿನಿಂದ ದೀಪ ಹಚ್ಚುವವರೆಗಿನ ಆ ಎರಡು ಮೂರು ಗಂಟೆಗಳೊಳಗೆ ಕೂಡಿಸಿಕೊಳ್ಳಬೇಕಾಗುತ್ತದೆ.

ಒಂಟಿತನಕ್ಕೆ ಕಾರಣ ವಿದ್ಯುತ್ ಇಲ್ಲದಿರುವುದು, ಸಿನಿಮಾ ಇಲ್ಲದಿರುವುದು ಎಂದು ಹೆಚ್ಚಿನವರು ಭಾವಿಸುತ್ತಾರೆ. ನಾನು ಕಂಡಂತೆ ಅದರ ಬೇರು ಬೇರೆಡೆ ಇದೆ. ಅತಿಥಿಗೆ ಎಲ್ಲರೂ ಕುರ್ಚಿ ಹಾಕುತ್ತಾರೆ, ಆದರೆ ಅತಿಥಿಯ ಜೊತೆ ಯಾರೂ ಸುಮ್ಮನೆ ಕೂತು ಹರಟುವುದಿಲ್ಲ. ಆ ಕುರ್ಚಿಯಿಂದ ಎದ್ದು ಬರುವ ದಾರಿ ಕೈಪಂಪಿನ ಹತ್ತಿರ ಇದೆ. ನೀರು ಹೊತ್ತು ತರಲು ನೆರೆಯವರೊಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳಿ, ಅದು ಅವರಿಗೂ ಆದಾಯ. ಆದರೂ ವಾರದಲ್ಲಿ ಎರಡು ಮೂರು ದಿನ ನಿಮ್ಮ ಬಕೆಟ್ ಹಿಡಿದು ನೀವೇ ಸರದಿಯಲ್ಲಿ ನಿಲ್ಲಿ. ಊರಿನ ಸುದ್ದಿಯೆಲ್ಲ ಅಲ್ಲಿ ಹರಿಯುತ್ತದೆ, ಚಿಚೆವಾ ಭಾಷೆ ಪುಸ್ತಕಕ್ಕಿಂತ ಬೇಗ ಅಲ್ಲಿ ಬರುತ್ತದೆ, ತುಂಬಿದ ಬಕೆಟ್ಟನ್ನು ತಲೆಯ ಮೇಲೆ ಎತ್ತಿಡುವಾಗ ಮೈಯೆಲ್ಲ ತೋಯಿಸಿಕೊಂಡ ಟೀಚರಮ್ಮನನ್ನು ನೋಡಿ ನಕ್ಕ ಹೆಂಗಸರು ಮರುದಿನ ಬಾಗಿಲಿಗೆ ಬಂದು ಮಾತನಾಡಿಸುತ್ತಾರೆ. ಯಾರನ್ನು ಕಂಡರೂ ಮೊದಲು ‘ಮುಲಿ ಬ್ವಾಂಜಿ’ ಎಂದು ಕ್ಷೇಮ ವಿಚಾರಿಸಿ, ಅವರ ಉತ್ತರಕ್ಕೆ ಕಾದು, ನಂತರವೇ ಕೆಲಸದ ಮಾತೆತ್ತಿ. ಈ ಒಂದು ಕ್ರಮವನ್ನು ಬಿಟ್ಟರೆ ಎಷ್ಟು ಒಳ್ಳೆಯ ಪಾಠ ಮಾಡಿದರೂ ಬಿಗುಮಾನದವಳು ಎಂಬ ಹೆಸರು ಬರುತ್ತದೆ. ಊರ ಮುಖ್ಯಸ್ಥರನ್ನು ಬಂದ ಮೊದಲ ದಿನಗಳಲ್ಲೇ ಹೋಗಿ ಕಾಣಬೇಕು. ಹೆಂಗಸರೂ ಆ ಸ್ಥಾನದಲ್ಲಿರುತ್ತಾರೆ. ಲಕ್ಷಾಂತರ ಜನರ ಮೇಲೆ ಅಧಿಕಾರವಿದ್ದು ನೂರಾರು ಬಾಲ್ಯವಿವಾಹಗಳನ್ನು ರದ್ದುಗೊಳಿಸಿ ಹೆಣ್ಣುಮಕ್ಕಳನ್ನು ಶಾಲೆಗೆ ಮರಳಿಸಿದ ಥೆರೆಸಾ ಕಚಿಂದಮೋಟೊ ಇದೇ ಡೆಡ್ಜಾ ಜಿಲ್ಲೆಯ ಹಿರಿಯ ಮುಖ್ಯಸ್ಥೆಯಾಗಿದ್ದರು.

ಒಂದು ಎಚ್ಚರಿಕೆ: ಹಳ್ಳಿಯವರು ನಿಮ್ಮನ್ನು ಮೊದಲಿಗೆ ವ್ಯಾಪಾರಿ ಮನೆಯವಳು ಎಂದುಕೊಳ್ಳಬಹುದು. ಮಲಾವಿಯ ಭಾರತೀಯರಲ್ಲಿ ಬಹುಪಾಲು ಗುಜರಾತಿ ಮೂಲದ ವರ್ತಕ ಕುಟುಂಬಗಳು. 1970ರ ದಶಕದಲ್ಲಿ ಅಧ್ಯಕ್ಷ ಬಂಡಾ ಅವರ ಸರ್ಕಾರ ಇವರನ್ನು ಹಳ್ಳಿಗಳಿಂದ ತೆರವು ಮಾಡಿಸಿ ಕೆಲವೇ ನಗರಗಳಲ್ಲಿ ವ್ಯಾಪಾರ ಮಾಡುವಂತೆ ಕಟ್ಟಿಹಾಕಿತು. ಹಾಗಾಗಿ ಹಳ್ಳಿಯ ಯುವಕರಿಗೆ ಭಾರತೀಯರೆಂದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು ಮಾತ್ರ. ಇದನ್ನು ಅವಮಾನವೆಂದು ತೆಗೆದುಕೊಳ್ಳಬೇಡಿ. ಬೀಜಗಣಿತ ಕಲಿಸುವ ಭಾರತೀಯಳನ್ನು ನೋಡಿದ ಮೇಲೆ ಆ ಚಿತ್ರ ತಾನಾಗಿ ಬದಲಾಗುತ್ತದೆ.

ಸಂಜೆಯ ಮೈದಾನದಲ್ಲಿ ಹುಡುಗರ ಫುಟ್‌ಬಾಲ್, ಹುಡುಗಿಯರ ನೆಟ್‌ಬಾಲ್ ನಡೆಯುತ್ತಿರುತ್ತದೆ. ಚಿಕ್ಕವರು ಪ್ಲಾಸ್ಟಿಕ್ ಚೀಲಗಳನ್ನು ಉಂಡೆ ಮಾಡಿ ದಾರ ಸುತ್ತಿ ಕಟ್ಟಿದ ಚೆಂಡಿನಲ್ಲಿ ಆಡುತ್ತಾರೆ. ಮರದಡಿಯಲ್ಲಿ ಗಂಡಸರು ಬಾವೊ ಆಡುತ್ತಿರುತ್ತಾರೆ. ನಿಮ್ಮ ಅಜ್ಜಿಮನೆಯ ಅಟ್ಟದಲ್ಲಿ ಚೆನ್ನೆಮಣೆ ಇದ್ದರೆ, ಅದೇ ಕುಲದ ಆಟ ಇದು. ನಮ್ಮ ಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲಾದರೆ ಬಾವೊದಲ್ಲಿ ಎಂಟೆಂಟು ಗುಳಿಗಳ ನಾಲ್ಕು ಸಾಲು, 64 ಬೀಜ. ಲೆಕ್ಕದ ಟೀಚರಿಗೆ ಇದಕ್ಕಿಂತ ಒಳ್ಳೆಯ ಸಂಜೆ ಬೇರೆ ಬೇಕಿಲ್ಲ. ಚರ್ಚಿನ ಗಾಯನ ತಂಡದ ಅಭ್ಯಾಸಕ್ಕೆ ಖಂಡಿತ ಕರೆಯುತ್ತಾರೆ. ಮನಸ್ಸಿದ್ದರೆ ಹೋಗಿ ಕೇಳಿ, ನಾಲ್ಕು ಸ್ವರಗಳಲ್ಲಿ ವಾದ್ಯವಿಲ್ಲದೆ ಹಾಡುವ ಆ ಸೊಗಸು ಬೇರೆಡೆ ಸಿಗದು. ನಿಮ್ಮ ಧರ್ಮ ಯಾವುದೆಂದು ಕೇಳಿದರೆ ಮರೆಮಾಚದೆ ಹೇಳಿ.

ಸಂತೆಯ ದಿನ ಬಟ್ಟೆಯ ಸಾಲಿಗೆ ಹೋಗಿ ಎರಡು ಚಿತೆಂಜೆ ಕೊಳ್ಳಿ. ಸೊಂಟಕ್ಕೆ ಸುತ್ತುವ, ಕೂಸನ್ನು ಬೆನ್ನಿಗೆ ಕಟ್ಟುವ, ಮಳೆಗೆ ತಲೆಯ ಮೇಲೆ ಹೊದೆಯುವ ಬಣ್ಣದ ಬಟ್ಟೆ ಇದು. ಹೆಂಗಸರು ಪ್ಯಾಂಟ್ ಧರಿಸುವುದನ್ನು ನಿಷೇಧಿಸಿದ್ದ ಬಂಡಾ ಕಾಲದ ಕಾನೂನು 1990ರ ದಶಕದಲ್ಲಿ ಹೋಯಿತಾದರೂ ಹಳ್ಳಿಯಲ್ಲಿ ಮೊಣಕಾಲು ಮುಚ್ಚುವ ಉಡುಪೇ ಮರ್ಯಾದೆ. ನಿಮ್ಮ ಚೂಡಿದಾರ್ ಮೇಲೆ ಒಂದು ಸುತ್ತು ಚಿತೆಂಜೆ ಕಟ್ಟಿದರೆ ಸಾಕು. ಅಂಗಡಿ ಜಗುಲಿಯಲ್ಲಿ ಕಾಲುಮೆಟ್ಟು ಹೊಲಿಗೆ ಯಂತ್ರ ಇಟ್ಟುಕೊಂಡಿರುವ ದರ್ಜಿ ಅದರಲ್ಲೇ ಅಂಗಿ ಹೊಲಿದುಕೊಡುತ್ತಾನೆ. ಅಲ್ಲೇ ಬಿಸಿ ಮಂದಾಸಿ, ಎಂದರೆ ಎಣ್ಣೆಯಲ್ಲಿ ಕರಿದ ಮೈದಾ ಉಂಡೆ, ಮತ್ತು ಮೆಕ್ಕೆಜೋಳ, ಸಿರಿಧಾನ್ಯಗಳನ್ನು ಹುದುಗಿಸಿದ ಸಿಹಿ ಹುಳಿ ಪಾನೀಯ ಥೋಬ್ವಾ ಸಿಗುತ್ತವೆ. ಬಿಸಿಯಾದುದನ್ನು ತಿನ್ನಿ, ಥೋಬ್ವಾವನ್ನು ಪರಿಚಯದ ಮನೆಯಲ್ಲೇ ಕುಡಿಯಿರಿ.

ವಾರಾಂತ್ಯಕ್ಕೆ ಡೆಡ್ಜಾ ಬೆಟ್ಟವಿದೆ. 127 ತಾಣಗಳಲ್ಲಿ ಬಂಡೆಚಿತ್ರಗಳಿರುವ ಚೊಂಗೋನಿ ಇದೆ, 2006ರಿಂದ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿನ ಬಿಳಿ ಚಿತ್ರಗಳಲ್ಲಿ ಹಲವು ಚೆವಾ ಜನಾಂಗದ ಹೆಂಗಸರ ದೀಕ್ಷಾ ವಿಧಿಗಳಿಗೆ ಸಂಬಂಧಪಟ್ಟವಾದ್ದರಿಂದ ಸ್ಥಳೀಯ ಮಾರ್ಗದರ್ಶಿಯೊಂದಿಗೇ ಹೋಗಿ. ಗುಲೆ ವಮ್ಕುಲು ಎಂಬ ಮುಖವಾಡದ ನೃತ್ಯ ಊರಲ್ಲಿ ನಡೆದರೆ ಹೆಂಗಸರ ಗುಂಪಿನಲ್ಲಿ ನಿಂತು ನೋಡಿ. ಮುಖವಾಡದ ಒಳಗೆ ಯಾರಿದ್ದಾರೆ ಎಂದು ಕೇಳಬೇಡಿ, ಕ್ಯಾಮೆರಾ ತೆಗೆಯಬೇಡಿ. ಕೆಳಗಿಳಿದರೆ ಸುಮಾರು 580 ಕಿ.ಮೀ. ಉದ್ದದ ಮಲಾವಿ ಸರೋವರ. ಈಜುವ ಆಸೆ ತಡೆಯುವುದು ಕಷ್ಟ. ಆದರೆ ಬಸವನಹುಳುವಿನ ಮೂಲಕ ಹರಡುವ ಬಿಲ್‌ಹಾರ್ಜಿಯ ಎಂಬ ಪರಾವಲಂಬಿ ಹುಳುವಿನ ರೋಗ ಆ ನೀರಿನಲ್ಲಿದೆ. ಜೊಂಡು ಬೆಳೆದ ದಡದ ನೀರಿನಲ್ಲಿ ಅಪಾಯ ಹೆಚ್ಚು. ಇಳಿಯದಿರುವುದು ಸುರಕ್ಷಿತ. ಇಳಿದರೆ, ಕೊನೆಯ ಬಾರಿ ನೀರಿಗಿಳಿದ ಎರಡು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿ ಪ್ರಾಜಿಕ್ವಾಂಟೆಲ್ ಮಾತ್ರೆ ತೆಗೆದುಕೊಳ್ಳಬೇಕು. ಮಾತ್ರೆ ಬೆಳೆದ ಹುಳುವನ್ನಷ್ಟೇ ಕೊಲ್ಲುವುದರಿಂದ ಅವಸರಪಟ್ಟು ನುಂಗಿದರೆ ಫಲವಿಲ್ಲ.

ಮನೆಯೊಳಗಿನ ಎರಡು ಮಾತು ಹೇಳಲೇಬೇಕು. ಹೊರಗೆ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ ಪುಟ್ಸಿ ನೊಣ ಮೊಟ್ಟೆಯಿಟ್ಟರೆ ಮರಿ ಚರ್ಮದೊಳಗೆ ಸೇರಿ ಗುಳ್ಳೆಯೇಳುತ್ತದೆ. ಒಳ ಉಡುಪು ಸೇರಿದಂತೆ ಎಲ್ಲ ಬಟ್ಟೆಯ ಹೊಲಿಗೆಯಂಚಿನವರೆಗೂ ಇದ್ದಿಲ ಇಸ್ತ್ರಿ ಆಡಿಸಿ. ಜೂನ್–ಜುಲೈನ ರಾತ್ರಿ ಡೆಡ್ಜಾದಲ್ಲಿ ಚಳಿ ಕೊರೆಯುತ್ತದೆ. ಇದ್ದಿಲ ಒಲೆಯನ್ನು ಕೋಣೆಯೊಳಗೆ ತಂದು ಬಾಗಿಲು ಮುಚ್ಚಿ ಮಲಗಬೇಡಿ. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ದಪ್ಪ ಸ್ವೆಟರ್, ಕಂಬಳಿ ಒಯ್ಯಿರಿ. ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಹತ್ತಿ ಬಟ್ಟೆ ಮಾತ್ರ ತುಂಬಿಕೊಂಡು ಹೋದವರು ಅಲ್ಲಿ ನಡುಗುತ್ತಾರೆ.

ಬಡತನದ ನಡುವೆ ಸುಖಪಡುವ ಪ್ರಶ್ನೆ ಜನವರಿಯಿಂದ ಮಾರ್ಚ್‌ವರೆಗೆ ನಿಮ್ಮ ಮನೆಬಾಗಿಲಿಗೇ ಬರುತ್ತದೆ. ಹಿಂದಿನ ವರ್ಷದ ಮೆಕ್ಕೆಜೋಳ ಕಣಜದಲ್ಲಿ ಮುಗಿದಿರುತ್ತದೆ, ಹೊಸ ಬೆಳೆ ಕೈಗೆ ಬರಲು ಏಪ್ರಿಲ್ ಆಗಬೇಕು, ಪೇಟೆಯಲ್ಲಿ ಧಾರಣೆ ಏರುತ್ತದೆ. ಮಕ್ಕಳು ಖಾಲಿ ಹೊಟ್ಟೆಯಲ್ಲಿ ತರಗತಿಯಲ್ಲಿ ತೂಕಡಿಸುತ್ತಾರೆ. ‘ಬಡವರಾದರೂ ಎಷ್ಟು ಸಂತೋಷವಾಗಿದ್ದಾರೆ’ ಎಂದು ಅಲ್ಲಿಂದ ಬಂದವರು ಹೇಳುವ ಮಾತು ನನಗೆ ಬಹಳ ಬೇಸರ ತರಿಸುತ್ತದೆ. ನಗುವ ಜನಕ್ಕೆ ಹಸಿವು ಕಡಿಮೆ ಎಂದೇನಿಲ್ಲ. ಅವರ ನಗುವನ್ನೂ ಹಸಿವನ್ನೂ ಎರಡನ್ನೂ ಕಾಣುವಷ್ಟು ದಿನ ನೀವು ಅಲ್ಲಿರುತ್ತೀರಿ.

ಆ ತಿಂಗಳುಗಳಲ್ಲಿ ಏನು ಮಾಡಬಹುದು? ಕೈಗೆ ಹಣ ಕೊಡುವುದು ಸುಲಭವೆನಿಸುತ್ತದೆ, ಆದರೆ ಒಬ್ಬರಿಗೆ ಕೊಟ್ಟದ್ದು ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ. ಮರುದಿನದಿಂದ ಬಾಗಿಲಿಗೆ ಬರುವವರು ಗೆಳೆತನಕ್ಕೆ ಬಂದರೋ ಕೇಳಲು ಬಂದರೋ ತಿಳಿಯದೆ ಎರಡೂ ಕಡೆ ಮುಜುಗರವಾಗುತ್ತದೆ. ಏನನ್ನೂ ಕೊಡದೆ ಕಲ್ಲಾಗಿರುವುದನ್ನೂ ನಾನು ಒಪ್ಪುವುದಿಲ್ಲ. ಮಕ್ಕಳಿಗೆ ಗಂಜಿ ಕೊಡುವ ವ್ಯವಸ್ಥೆ ಮಾಡಲು ಶಾಲಾ ಸಮಿತಿ ಮತ್ತು ಪಾಲಕರು ಮುಂದಾದರೆ ನಿಮ್ಮ ಪಾಲನ್ನು ಹೆಸರು ಬೇಡವೆಂದು ಅವರ ಕೈಗೆ ಸೇರಿಸಿ. ತರಕಾರಿ, ಇದ್ದಿಲು, ಮೊಟ್ಟೆಗಳನ್ನು ಊರಿನವರಿಂದಲೇ ಕೊಳ್ಳಿ, ಚೌಕಾಸಿ ಬೇಡ. ನೆರೆಮನೆಯಲ್ಲಿ ಸಾವಾದರೆ ಎಲ್ಲರಂತೆ ಒಂದಿಷ್ಟು ಹಿಟ್ಟು ತೆಗೆದುಕೊಂಡು ಹೋಗಿ ಹೆಂಗಸರ ಜೊತೆ ನೆಲದ ಮೇಲೆ ಕುಳಿತಿರಿ. ಊರಿನವಳು ಎನಿಸಿಕೊಳ್ಳುವುದು ಆ ದಿನದಿಂದ. ಮತ್ತು ಅವರು ನಿಮಗೆ ಕೊಡುವ ಎರಡು ಸುಟ್ಟ ಜೋಳದ ತೆನೆಯನ್ನು ‘ಅಯ್ಯೋ, ನಿಮಗೇ ಇಲ್ಲ’ ಎಂದು ಹಿಂದಿರುಗಿಸಬೇಡಿ. ಕೊಡುವ ಹಕ್ಕು ಅವರಿಗೂ ಇದೆ.

ವಾಸಕ್ಕೆ ಸಾಮಾನ್ಯವಾಗಿ ಮೂರು ಆಯ್ಕೆ ಇರುತ್ತವೆ. ಶಾಲಾ ಆವರಣದ ಶಿಕ್ಷಕರ ಮನೆಯಲ್ಲಿ ನಿಮ್ಮ ಅಡುಗೆ, ನಿಮ್ಮ ಬಾಗಿಲು, ನಿಮ್ಮ ನಿದ್ದೆ ನಿಮ್ಮದು; ಆದರೆ ರಜೆಯಲ್ಲಿ ಉಳಿದ ಶಿಕ್ಷಕರು ತಮ್ಮ ಊರುಗಳಿಗೆ ಹೋದಾಗ ಆವರಣ ಬಣಗುಟ್ಟುತ್ತದೆ, ಒಂಟಿ ಹೆಣ್ಣುಮಗಳಿಗೆ ಆಗ ಸುರಕ್ಷತೆಯೂ ಕಡಿಮೆ. ಊರಿನ ಕುಟುಂಬವೊಂದರ ಜೊತೆಗಿದ್ದರೆ ಭಾಷೆ ಮತ್ತು ಒಡನಾಟ ಬೇಗ ಸಿಗುತ್ತವೆ. ಏಕಾಂತ ಸಿಗುವುದಿಲ್ಲ, ನಿಮ್ಮ ಊಟದ ಖರ್ಚು ಆ ಮನೆಗೆ ಭಾರವಾಗದಂತೆ ಸಂಸ್ಥೆಯೇ ತಿಂಗಳು ತಿಂಗಳು ಹಣ ಕೊಡಬೇಕು. ಹತ್ತಿರದ ಸಣ್ಣ ಪೇಟೆಯಲ್ಲಿ ಬಾಡಿಗೆಗಿದ್ದರೆ ಕರೆಂಟ್, ಅಂಗಡಿ ಸಿಗಬಹುದು. ರಾತ್ರಿಯ ಬಾರುಗಳ ಗದ್ದಲ, ಕುಡುಕರ ಕಾಟ, ದಿನದ ಓಡಾಟ ಅದರೊಂದಿಗೆ ಬರುತ್ತವೆ. ನಿಮ್ಮಂಥವರಿಗೆ ನಾನು ಹೇಳುವುದು: ಮೊದಲ ಆರೆಂಟು ವಾರ ಕುಟುಂಬದ ಜೊತೆ, ಅನಂತರ ಶಾಲಾ ಆವರಣದಲ್ಲಿ, ರಜೆ ಬಂದಾಗ ಮತ್ತೆ ಅದೇ ಕುಟುಂಬಕ್ಕೆ.

ಸಹಿ ಹಾಕುವ ಮೊದಲು ಸಂಸ್ಥೆಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ವಾಸದ ಈ ಬದಲಾವಣೆಗೆ ಒಪ್ಪಿಗೆ ಇದೆಯೇ? ಮನೆಯ ಬಾಗಿಲಿಗೆ ಒಳಚಿಲಕ, ಕಿಟಕಿಗೆ ಜಾಲರಿ ಇವೆಯೇ? ಜ್ವರ ಬಂದರೆ ಯಾವ ಆಸ್ಪತ್ರೆ, ಅಲ್ಲಿಗೆ ಕರೆದೊಯ್ಯುವ ವಾಹನ ಯಾರದು, ತುರ್ತಾಗಿ ದೇಶಕ್ಕೆ ಕಳಿಸುವ ವಿಮೆ ಇದೆಯೇ? ಅದೇ ಶಾಲೆಯಲ್ಲಿ ಈ ಮೊದಲು ಇದ್ದ ಸ್ವಯಂಸೇವಕರ ಜೊತೆ ಮಾತನಾಡಿಸುತ್ತಾರೆಯೇ? ನೀವು ಹೋಗುವುದರಿಂದ ಅಲ್ಲಿನ ಯಾವ ಶಿಕ್ಷಕರ ಕೆಲಸವೂ ತಪ್ಪುವುದಿಲ್ಲವೆಂಬ ಖಾತರಿ ಇದೆಯೇ? ಸೆಪ್ಟೆಂಬರ್‌ನಲ್ಲಿ ಹೋದರೆ ಮನಸ್ಸು ಕುಗ್ಗುವ ಆ ಮೂರು ನಾಲ್ಕನೆಯ ತಿಂಗಳು ಡಿಸೆಂಬರ್ ರಜೆಯ ಹೊತ್ತಿಗೇ ಬರುತ್ತದೆ. ಆ ರಜೆಯ ಎರಡು ವಾರ ಎಲ್ಲಿ, ಯಾರೊಂದಿಗೆ ಕಳೆಯುತ್ತೀರಿ ಎಂಬುದನ್ನು ಟಿಕೆಟ್ ತೆಗೆಸುವ ಮೊದಲೇ ನಿಶ್ಚಯಿಸಿಕೊಳ್ಳಿ. ಜನವರಿಯಲ್ಲೂ ನಿದ್ದೆ, ಊಟ ಸರಿಹೋಗದಿದ್ದರೆ ಮನೆ ಬದಲಿಸಲು, ಅದೂ ಸಾಲದಿದ್ದರೆ ದಂಡವಿಲ್ಲದೆ ಹಿಂದಿರುಗಲು ಒಪ್ಪಂದದಲ್ಲಿ ಅವಕಾಶವಿರಬೇಕು. ಅಂಥ ಷರತ್ತನ್ನು ಸೇರಿಸಲು ಹಿಂಜರಿಯುವ ಸಂಸ್ಥೆಯ ಮೂಲಕ ನಾನು ಯಾರನ್ನೂ ಕಳಿಸುವುದಿಲ್ಲ.